ಬಿಸುಟ ಪದಾರ್ಥಗಳೂ ಒಡವೆಯ ಕೆಲಸವೂ



ಒಡವೆ ಎಂದ ಕೂಡಲೆ ನಮ್ಮ ಮನಸ್ಸಿಗೆ ಹೊಳೆಯುವುದು ಚಿನ್ನ. ಅದರ ತರುವಾಯ ಬೆಳ್ಳಿ, ಮುತ್ತು, ಹವಳ. ಕಸ ಎಂದರೆ ಹೊಳೆಯುವುದು ಬೀದಿಯ ಮೂಲೆ. ಈ ಎರಡು ಮಾತುಗಳನ್ನೂ ಒಟ್ಟಿಗೆ ಸೇರಿಸಿಕೊಂಡು ಇಂದು ಸ್ವಲ್ಪ ಹೊತ್ತು ತಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಕಣ್ಣಿಗೆ ತೋರಿಸಬೇಕಾದುದನ್ನು ಕಿವಿಗೆ ಹೇಳಹೊರಟಿರುವುದರಿಂದ ಅಲ್ಲಲ್ಲಿ ವಿವರಣೆ ಉದ್ದವಾದೀತು, ತಾವು ಸಹಿಸಿಕೊಳ್ಳಬೇಕು.

'ಕಸದಿಂದ ರಸ' ಎಂಬ ಮಾತು ಈಚೆಗೆ ಪಾಠಶಾಲೆಗಳ ಗೋಡೆಗಳ ಮೇಲೆಲ್ಲ ಕಾಣಬರುತ್ತದೆ. ವರ್ಷಕ್ಕೊಮ್ಮೆ ಆ ಹೆಸರಿನಲ್ಲಿ ಒಂದು ಪ್ರದರ್ಶನವೂ ನಡೆಯುವುದುಂಟು. ಖಾಲಿ ಪ್ಲಾಸ್ಟಿಕ್ ಸೀಸೆಗೆ ಜರಿಕಾಗದವನ್ನು ಸುತ್ತಿ, ಬಣ್ಣ ಬಳಿದು, ಮಿಣುಕು ಪುಡಿಯನ್ನು ಉದುರಿಸಿ ಹೂದಾನಿ ಎಂದು ಇಟ್ಟಿರುತ್ತಾರೆ. ಜರಿಕಾಗದ, ಬಣ್ಣ, ಅಂಟು, ಮಿಣುಕು ಪುಡಿ ಇವೆಲ್ಲವನ್ನೂ ಅಂಗಡಿಯಿಂದ ಹೊಸದಾಗಿಯೇ ಕೊಂಡು ತಂದದ್ದು. ಎಂಟು ದಿನ ಕಳೆಯುವುದರೊಳಗೆ ಹೂದಾನಿ ಮೂಲೆಗೆ ಬೀಳುತ್ತದೆ. ಸೀಸೆ ಬರಿಯ ಸೀಸೆಯಾಗಿದ್ದಾಗ ಗುಜರಿಯವನು ಅದನ್ನು ನಾಲ್ಕು ಕಾಸಿಗೆ ಕೊಳ್ಳುತ್ತಿದ್ದ. ಅಂಟು ಬಣ್ಣಗಳನ್ನು ಮೆತ್ತಿಕೊಂಡ ಮೇಲೆ ಅವನೂ ಅದನ್ನು ಮುಟ್ಟುವುದಿಲ್ಲ. ಒಂದು ಕಸವಿದ್ದದ್ದು ಎರಡಾಯಿತು. ಇದನ್ನು ರಸವೆಂದು ಕರೆಯಲು ನನಗೆ ಮನಸ್ಸು ಬಾರದು. ಮಕ್ಕಳ ಉತ್ಸಾಹವನ್ನು ನಾನು ಹಳಿಯುತ್ತಿಲ್ಲ. ಪದಾರ್ಥದ ಗುಣವನ್ನು ಅರಿಯದ ಕೈಗೆ ಪದಾರ್ಥವು ಒಲಿಯುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಅಲ್ಲದೆ, ಅರಿತ ಕೈಗಿಂತಲೂ ಮೊದಲು ಇನ್ನೊಂದು ಕೈ ಕೆಲಸ ಮಾಡಿರುತ್ತದೆ. ಆರಿಸಿ ಬೇರ್ಪಡಿಸಿದ ಕೈ ಅದು. ಒಡವೆಯನ್ನು ನೋಡುವಾಗ ನಾವು ಮೊದಲನೆಯ ಕೈಯನ್ನು ಹೊಗಳುತ್ತೇವೆ. ಎರಡನೆಯದರ ಗೊಡವೆ ನಮಗಿಲ್ಲ.

ಮೊದಲು ಚಿನ್ನದ ಕೆಲಸದವರನ್ನೇ ನೋಡೋಣ. ಅಕ್ಕಸಾಲಿಗನ ಅಂಗಡಿಗಿಂತ ಹೆಚ್ಚು ಮಿತವ್ಯಯದ ಸ್ಥಳವನ್ನು ನಾನು ಕಂಡಿಲ್ಲ. ಕೆಲಸಕ್ಕೆ ಕುಳಿತಾಗ ಅವನು ತೊಡೆಯ ಮೇಲೆ ಚರ್ಮವನ್ನೋ ದಪ್ಪ ಬಟ್ಟೆಯನ್ನೋ ಹರಡಿಕೊಳ್ಳುತ್ತಾನೆ. ಅರದ ಬಾಯಿಂದ ಉದುರುವ ಪುಡಿ ಅದರಲ್ಲಿ ಬೀಳುತ್ತದೆ. ಕುಂಚದಿಂದ ಗುಡಿಸಿ ಡಬ್ಬಿಗೆ ತುಂಬುತ್ತಾನೆ. ಮೂಸೆ ಒಡೆದರೆ ಅದನ್ನು ಕುಟ್ಟಿ ತೊಳೆಯುವುದುಂಟು. ಕುಲುಮೆಯ ಬೂದಿಯನ್ನು ಚೆಲ್ಲುವುದಿಲ್ಲ. ಕೈ ತೊಳೆದ ನೀರನ್ನು ಸಹ ಒಂದು ಪಾತ್ರೆಯಲ್ಲಿ ನಿಲ್ಲಿಸಿ, ತಳಕ್ಕೆ ಕುಳಿತ ಕೆಸರನ್ನು ತೆಗೆದಿಡುತ್ತಾನೆ. ಇಷ್ಟು ಜಾಗರೂಕತೆಗೂ ಸಿಕ್ಕದೆ ಕೆಲವು ಕಣಗಳು ಕೆಲಸಗಾರರ ಅಂಗಾಲಿಗೆ ಅಂಟಿಕೊಂಡು ಹೊಸಿಲನ್ನು ದಾಟುತ್ತವೆ. ಬೀದಿಯ ಧೂಳಿಗೂ ಚರಂಡಿಯ ಹೂಳಿಗೂ ಸೇರುತ್ತವೆ. ಆದುದರಿಂದಲೇ ಇಂಡಿಯಾದಲ್ಲಿ ಚಿನ್ನದ ಕೆಲಸ ನಡೆಯುವ ಊರುಗಳಲ್ಲೆಲ್ಲ, ನಮ್ಮ ನಗರ್ತಪೇಟೆಯ ಗಲ್ಲಿಗಳೂ ಸೇರಿದಂತೆ, ಅಂಗಡಿ ತೆರೆಯುವುದಕ್ಕೆ ಮುಂಚೆಯೇ ಬೀದಿಯನ್ನು ಗುಡಿಸಿ ಆ ಧೂಳನ್ನು ಕಟ್ಟಿಕೊಂಡು ಹೋಗುವ ಜನರಿದ್ದಾರೆ. ಧೂಳನ್ನು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ತೊನೆಯುತ್ತಾರೆ. ಹಗುರವಾದ ಮಣ್ಣು ಅಂಚಿನಿಂದ ಜಾರಿಹೋಗಿ, ಭಾರವಾದದ್ದು ತಳದಲ್ಲಿ ಉಳಿಯುತ್ತದೆ. ಅದಕ್ಕೆ ಪಾದರಸವನ್ನು ಬೆರೆಸಿದರೆ ಚಿನ್ನದ ಕಣಗಳು ಪಾದರಸದೊಡನೆ ಕೂಡಿಕೊಳ್ಳುತ್ತವೆ. ಕಾಯಿಸಿದರೆ ಪಾದರಸ ಹಬೆಯಾಗಿ ಹೋಗಿ ಚಿನ್ನದ ಚೂರು ನಿಲ್ಲುತ್ತದೆ. ಆ ಹಬೆ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುವ ವಿಷ. ಹೀಗೆ ದೊರೆತ ಚೂರು ಮತ್ತೆ ಅದೇ ಪೇಟೆಯಲ್ಲಿ ಮಾರಾಟವಾಗಿ, ಮತ್ತೆ ಕರಗಿ, ಯಾರದೋ ಮಾಂಗಲ್ಯವೋ ಮಗುವಿನ ಉಂಗುರವೋ ಆಗುತ್ತದೆ. ಅದು ಚರಂಡಿಯಿಂದ ಬಂದದ್ದೆಂದು ಒರೆಗಲ್ಲು ಹೇಳುವುದಿಲ್ಲ. ಎಲ್ಲಕ್ಕಿಂತ ಶುದ್ಧವೆಂದು ನಾವು ಭಾವಿಸುವ ಒಡವೆಯಲ್ಲಿಯೇ ಕಸದ ಪಾಲು ಹೀಗೆ ಸದ್ದಿಲ್ಲದೆ ಸೇರಿಹೋಗಿದೆ.

ಬಡವರ ಮನೆಗಳಲ್ಲಿ ಇದೇ ಮಿತವ್ಯಯವು ಬಟ್ಟೆಯ ವಿಷಯದಲ್ಲಿ ಕಾಣುತ್ತದೆ. ಉತ್ತರ ಕರ್ನಾಟಕದ ಕೌದಿಯನ್ನು ತಾವು ಹೊದೆಯದಿದ್ದರೂ ನೋಡಿರಬಹುದು. ಸವೆದ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರಪದರವಾಗಿ ಹರಡಿ, ಒಂದೇ ಬಗೆಯ ಸಾದಾ ಹೊಲಿಗೆಯನ್ನು ಸಾಲುಸಾಲಾಗಿ ಹಾಕಿ ಕಟ್ಟಿದ ಹೊದಿಕೆ ಅದು. ಸೀರೆ ಸವೆದಷ್ಟೂ ಮೆತ್ತಗಾಗುತ್ತದೆಯಷ್ಟೆ. ಹೊಸ ಬಟ್ಟೆಯ ಕೌದಿಗೆ ಆ ಹಿತವಿಲ್ಲ. ಇಲ್ಲಿ ಹಳತಾಗಿರುವುದೇ ಪದಾರ್ಥದ ಗುಣ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಗಳ ಸಿದ್ದಿ ಸ್ತ್ರೀಯರು ಹೊಲಿಯುವ ಕೌದಿಗಳಲ್ಲಿ ಇನ್ನೊಂದು ವಿಶೇಷವುಂಟು. ಅಂಚಿನಿಂದ ಹೊರಟ ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಕೊನೆಗೆ ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ಚಿಕ್ಕ ಹೂಗಳನ್ನು ಇಡುತ್ತಾರೆ. ಅದಕ್ಕೆ 'ಫುಲ' ಎಂದು ಹೆಸರು. ಚಳಿಗೆ ಆ ಹೂ ಯಾವ ಉಪಯೋಗಕ್ಕೂ ಬಾರದು. ಆದರೆ ಅದಿಲ್ಲದ ಕೌದಿ ಬತ್ತಲೆ ಎಂದು ಅವರ ಭಾವನೆ. ಲಂಬಾಣಿ ಸ್ತ್ರೀಯರು ಚಲಾವಣೆ ತಪ್ಪಿದ ನಾಣ್ಯ, ಕವಡೆ, ಕನ್ನಡಿಯ ಚೂರುಗಳನ್ನು ರವಿಕೆಗೂ ಮೇಲುಹೊದಿಕೆಗೂ ಹೊಲಿದುಕೊಳ್ಳುವುದು ಎಲ್ಲರಿಗೂ ತಿಳಿದ ಸಂಗತಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ನಮ್ಮ ಅಜ್ಜಿಯರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಹಳೆಯ ಕಾಗದವನ್ನು ನೆನೆಹಾಕಿ, ಮೆಂತ್ಯದೊಡನೆ ರುಬ್ಬಿ, ಮಡಕೆಯ ಬೆನ್ನಿಗೆ ಮೆತ್ತಿ ಒಣಗಿಸಿ ಮಾಡಿದ ಬುಟ್ಟಿಗಳು ಎಷ್ಟೋ ಮನೆಗಳಲ್ಲಿ ದಶಕಗಳ ಕಾಲ ಬಾಳಿದವು. ಮೆಂತ್ಯವು ಅಂಟೂ ಆಯಿತು, ಹುಳು ಹತ್ತದಂತೆ ಕಾವಲೂ ಆಯಿತು.

ಆದರೆ ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಅತ್ಯಂತ ಸೊಗಸಾದ ನಿದರ್ಶನವೆಂದು ನನಗೆ ತೋರುವುದು ತೂತುಬಿದ್ದ ರೇಷ್ಮೆಗೂಡು. ಇದರ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೇಷ್ಮೆಹುಳು ತನ್ನ ಸುತ್ತ ಕಟ್ಟಿಕೊಳ್ಳುವ ಗೂಡು ಒಂದೇ ಎಳೆಯ ಸುರುಳಿ. ನಮ್ಮ ಹಳೆಯ ಮೈಸೂರು ತಳಿಯ ಗೂಡಿನಲ್ಲಿ ಮುನ್ನೂರು ನಾನ್ನೂರು ಮೀಟರ್, ಬಿಳಿಯ ದ್ವಿತಳಿ ಗೂಡಿನಲ್ಲಿ ಸುಮಾರು ಸಾವಿರ ಮೀಟರ್ ಎಳೆ ಬರುವುದುಂಟು. ನೂಲು ಬಿಚ್ಚುವ ಗೂಡನ್ನು, ಒಳಗಿನ ಕೋಶವು ಪತಂಗವಾಗಿ ಹೊರಬೀಳುವುದಕ್ಕೆ ಮುಂಚೆ ಹಬೆಯಿಂದಲೋ ಬಿಸಿಲಿನಿಂದಲೋ ಕೊಂದು ಒಣಗಿಸುತ್ತಾರೆ. ಆದರೆ ಮುಂದಿನ ಬೆಳೆಗೆ ಮೊಟ್ಟೆ ಬೇಕಲ್ಲವೆ? ಅದಕ್ಕಾಗಿ ಬಿತ್ತನೆ ಕೋಠಿಗಳಲ್ಲಿ ಕೆಲವು ಗೂಡುಗಳನ್ನು ಜೀವಸಹಿತ ಉಳಿಸುತ್ತಾರೆ. ಗಂಡುಹೆಣ್ಣುಗಳನ್ನು ಬೇರ್ಪಡಿಸುವುದಕ್ಕಾಗಿ ಕೆಲವನ್ನು ಅಲಗಿನಿಂದ ಕೊಯ್ಯುವುದೂ ಉಂಟು. ಉಳಿದವುಗಳಲ್ಲಿ ಪತಂಗವು ಬಾಯಿಯಿಂದ ಒಂದು ದ್ರವವನ್ನು ಬಿಟ್ಟು, ಗೂಡಿನ ತುದಿಯ ಅಂಟನ್ನು ಕರಗಿಸಿ ಹೊರಬರುತ್ತದೆ. ಎರಡು ವಿಧದಲ್ಲಿಯೂ ಎಳೆಯ ಅಖಂಡತೆ ಕೆಟ್ಟಿತು. ನೂಲು ಬಿಚ್ಚಲು ಗೂಡು ನಿರರ್ಥಕವಾಯಿತು. ಇಂಥವನ್ನು ಹಿಂಜಿ, ಹತ್ತಿಯಂತೆ ನೂತು ಒರಟು ರೇಷ್ಮೆಯನ್ನು ಮಾಡುವುದುಂಟು. ಚೆನ್ನಪಟ್ಟಣದ ಗಿರಣಿ ಆ ಕೆಲಸಕ್ಕೆ ಹೆಸರಾದದ್ದು.

ಈ ಕೊಯ್ದ ಗೂಡನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಮಾತ್ರ ಅದರ ಯೋಗ್ಯತೆ ತಿಳಿಯುವುದು. ಹಗುರ, ಆದರೆ ಗಟ್ಟಿ. ಕತ್ತರಿಯಿಂದ ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುವುದಿಲ್ಲ. ಹುಳುವೇ ಇಟ್ಟ ಅಂಟು ಎಳೆಗಳನ್ನು ಬಿಗಿಹಿಡಿದಿರುತ್ತದೆ. ಗೂಡಿನ ಬಾಗು ಹೂವಿನ ಎಸಳಿಗೆ ಸಹಜವಾದ ಬಾಗು. ಕೈಯಿಂದ ಬಾಗಿಸುವ ಶ್ರಮವೇ ಇಲ್ಲ. ಜಾಣತನದಿಂದ ಸುಲಿದರೆ ಒಂದು ಗೂಡಿನಿಂದ ತೆಳುವಾದ ಎರಡು ಮೂರು ಪದರಗಳು ಬರುತ್ತವೆ. ಬಣ್ಣವನ್ನೂ ಚೆನ್ನಾಗಿ ಹೀರುತ್ತದೆ. ಹಳೆಯ ಮೈಸೂರು ತಳಿಯ ಗೂಡಾದರೆ ಬಣ್ಣವೇ ಬೇಡ. ಅದರ ಹಸುರುಗಲಸಿದ ಹಳದಿ ಸೇವಂತಿಗೆ ಸಾಕು. ಹೀಗೆ ಕತ್ತರಿಸಿದ ಎಸಳುಗಳನ್ನು ತಂತಿಗೆ ಪೋಣಿಸಿ ಓಲೆ, ಪದಕ, ಮುಡಿಯ ಹೂ, ಹಾರಗಳನ್ನು ಮಾಡುವ ಸ್ತ್ರೀಯರು ರೇಷ್ಮೆ ಬೆಳೆಯುವ ಸೀಮೆಯಲ್ಲಿದ್ದಾರೆ. ಸಭೆಗಳಲ್ಲಿ ಅತಿಥಿಗಳಿಗೆ ಗೂಡಿನ ಹಾರ ಹಾಕುವ ಪದ್ಧತಿಯನ್ನು ತಾವು ನೋಡಿರಬಹುದು. ಅಲ್ಲಿ ಇಡಿಯ ಗೂಡುಗಳನ್ನೇ ದಾರಕ್ಕೆ ಪೋಣಿಸಿ ಒಳ್ಳೆಯ ರೇಷ್ಮೆಯನ್ನು ಹಾಳುಮಾಡುವವರೂ ಇದ್ದಾರೆ. ಅದು ಬೇರೆ ಮಾತು. ತೂತುಬಿದ್ದ ಗೂಡಿನ ಹೂವನ್ನು ನಾನು ಮೆಚ್ಚುವ ಕಾರಣವೇನೆಂದರೆ, ಅದಕ್ಕೆ ತನ್ನ ಪೂರ್ವಚರಿತ್ರೆಯನ್ನು ಹೇಳಿಕೊಳ್ಳುವ ಅಗತ್ಯವೇ ಇಲ್ಲ. ಇದು ಕಸದಿಂದ ಬಂದದ್ದು ಎಂಬ ಚೀಟಿಯನ್ನು ಕಿತ್ತುಹಾಕಿದರೂ ಕಿವಿಯಲ್ಲಿ ಅದು ಚೆಂದವಾಗಿಯೇ ಇರುತ್ತದೆ. ಕರುಣೆಯಿಂದ ಕೊಳ್ಳುವ ಒಡವೆಯನ್ನು ಯಾರೂ ಎರಡನೆಯ ಸಲ ತೊಡುವುದಿಲ್ಲ.

ಪರದೇಶದ ದೊಡ್ಡ ಕಲಾವಿದರಿಗೂ ಇದು ಗೊತ್ತಿತ್ತು. 1942ರಲ್ಲಿ ಪಿಕಾಸೊ ಒಂದು ಹಳೆಯ ಬೈಸಿಕಲ್ಲಿನ ಆಸನಕ್ಕೆ ಅದರ ಹಿಡಿಗಳನ್ನು ಜೋಡಿಸಿ ಗೂಳಿಯ ತಲೆಯನ್ನು ಮಾಡಿದ. ಅವನು ಅದಕ್ಕೆ ಸೇರಿಸಿದ್ದು ಏನೂ ಇಲ್ಲವೆಂದೇ ಹೇಳಬೇಕು. ಆಸನದಲ್ಲಿದ್ದ ಮೋರೆಯನ್ನೂ ಹಿಡಿಯಲ್ಲಿದ್ದ ಕೊಂಬನ್ನೂ ಕಂಡ, ಅಷ್ಟೆ. ಚಂಡೀಗಢದಲ್ಲಿ ರಸ್ತೆಗಳ ತನಿಖೆಯ ಕೆಲಸದಲ್ಲಿದ್ದ ನೇಕ್ ಚಂದ್ ಎಂಬಾತನು ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷಗಳಿಂದ ಯಾರಿಗೂ ತಿಳಿಯದಂತೆ ವರ್ಷಾನುಗಟ್ಟಲೆ ಒಂದು ಉಪವನವನ್ನೇ ಕಟ್ಟಿದನು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಅಲ್ಲಿನ ನರ್ತಕಿಯರ ಉಡುಪೆಲ್ಲ ಒಡೆದ ಗಾಜಿನ ಬಳೆ.

ಈಗ ನಾನು ವಾಸಮಾಡುವ ಹೊರಮಾವಿನ ಕಡೆಗೆ ಬರೋಣ. ಹೆಸರಿನಲ್ಲಿ ಮಾವು ಉಳಿದಿದೆ. ಊರಿನಲ್ಲಿ ಮಹಡಿ ಮನೆಗಳು ಎದ್ದಿವೆ. ಬಾಣಸವಾಡಿಗೂ ಕಲ್ಕೆರೆಗೂ ನಡುವೆ, ಹೊರವರ್ತುಲ ರಸ್ತೆಯ ಮಗ್ಗುಲಲ್ಲಿರುವ ಈ ಬಡಾವಣೆಗಳಲ್ಲಿ ಕಸವೆಂದರೆ ಮುಖ್ಯವಾಗಿ ಎರಡು ಬಗೆ: ಒಂದು ಕಾಗದ, ಮತ್ತೊಂದು ವಿದ್ಯುತ್ತಿನ ಸಾಮಾನು.

ಕಾಗದದ ಮಣಿಗಳನ್ನು ಮಾಡುವ ಕೆಲಸವನ್ನು ನಮ್ಮ ಬೀದಿಯ ಕೆಲವು ಹೆಣ್ಣುಮಕ್ಕಳು ಕಲಿತಿದ್ದಾರೆ. ಉಗಾಂಡ ದೇಶದ ಸ್ತ್ರೀಯರು ಇದರಿಂದ ಸಂಪಾದನೆಯನ್ನೇ ಮಾಡುತ್ತಾರೆ. ಮನೆಯಲ್ಲಿ ಮಾಡಿ ನೋಡಬೇಕೆನ್ನುವವರಿಗಾಗಿ ಕ್ರಮವನ್ನು ಹೇಳುತ್ತೇನೆ. ನುಣುಪಾದ ಜಾಹೀರಾತಿನ ಕಾಗದವನ್ನು ಒಂದು ಅಂಗುಲ ಬುಡ, ಹತ್ತು ಅಂಗುಲ ಉದ್ದದ ತ್ರಿಕೋನದ ಪಟ್ಟಿಗಳಾಗಿ ಕತ್ತರಿಸಬೇಕು. ಬುಡದ ಕಡೆಯಿಂದ ಆರಂಭಿಸಿ ಪೊರಕೆಕಡ್ಡಿಯ ಮೇಲೆ ಬಿಗಿಯಾಗಿ ಸುತ್ತಬೇಕು. ತುದಿ ಸರಿಯಾಗಿ ನಡುವಿಗೆ ಬರಬೇಕು. ಕೊನೆಯ ಎರಡು ಅಂಗುಲಕ್ಕೆ ಅಂಟು ಸವರಿ, ಸುತ್ತಿ ಮುಗಿಸಿ, ಕಡ್ಡಿಯನ್ನು ಎಳೆದುಕೊಂಡರೆ ನಡು ಉಬ್ಬಿದ ಮಣಿ ಸಿದ್ಧ. ಒಣಗಿದ ಮೇಲೆ ವಾರ್ನಿಷನ್ನು ಎರಡು ಸಲ ಸವರಬೇಕು. ಸುದ್ದಿಪತ್ರಿಕೆಯ ಕಾಗದ ಇದಕ್ಕೆ ಆಗದು. ಮಸಿ ಕೈಗೆ ಹತ್ತುತ್ತದೆ, ಮಣಿ ಮೆತ್ತಗಾಗುತ್ತದೆ. ಮೈದಾದ ಗೋಂದಿಗೆ ಜಿರಳೆ ಬರುತ್ತದೆ. ಪುಸ್ತಕ ಕಟ್ಟುವವರು ಗೋಂದಿಗೆ ಮೈಲುತುತ್ತವನ್ನು ಬೆರೆಸುವುದುಂಟು, ಆದರೆ ಮೈಗೆ ತಗಲುವ ಸರಕ್ಕೆ ಅದು ಸಲ್ಲದು. ಬಣ್ಣ ಬಳಿಯುವ ಚಾಪಲ್ಯವನ್ನು ಬಿಡಬೇಕು. ಕಾಗದದಲ್ಲಿದ್ದ ಅಕ್ಷರ ಚಿತ್ರಗಳು ಸುತ್ತಿದಾಗ ಗೆರೆಗಳಾಗಿ ಬರುತ್ತವೆ. ಏನು ಬರುವುದೆಂದು ಮುಂಚಿತವಾಗಿ ಹೇಳಲಾಗುವುದಿಲ್ಲ. ಸೀರೆಯ ಅಂಗಡಿಯ ಜಾಹೀರಾತಿಗಿಂತ ಸಾಲ ಕೊಡುವ ಸಂಸ್ಥೆಗಳ ಜಾಹೀರಾತಿನಿಂದಲೇ ಒಳ್ಳೆಯ ನೀಲಿ ಮಣಿಗಳಾಗುತ್ತವೆ ಎಂದು ಒಬ್ಬ ಹುಡುಗಿ ನನಗೆ ಹೇಳಿದಳು.

ವಿದ್ಯುತ್ತಿನ ಸಾಮಾನಿನ ವಿಚಾರ ಇಷ್ಟು ಸರಳವಲ್ಲ. ಬೆಂಗಳೂರಿನ ಪೂರ್ವಭಾಗಕ್ಕೂ ತಂತಿಗಳಿಗೂ ಹಳೆಯ ನಂಟಿದೆ. ಕೃಷ್ಣರಾಜಪುರದ ಬಳಿ ದೂರವಾಣಿನಗರದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಯಿತು. ಬೆರಳಿನಿಂದ ತಿರುಗಿಸುವ ಕಪ್ಪು ದೂರವಾಣಿಗಳು ದೇಶದ ಮನೆಮನೆಗೆ ಅಲ್ಲಿಂದ ಹೋದವು. ಈಗ ವೈಟ್‌ಫೀಲ್ಡಿನವರೆಗೆ ಗಣಕಯಂತ್ರದ ಕಚೇರಿಗಳು ಹಬ್ಬಿವೆ. ಆ ಯಂತ್ರಗಳೆಲ್ಲ ಹಳೆಯವಾಗುತ್ತವೆ. ಅವುಗಳ ಒಳಗಿನ ಹಸುರು ಸರ್ಕ್ಯೂಟ್ ಹಲಗೆಯನ್ನು ನೋಡಿದರೆ ಕಲಾವಿದನ ಕೈ ಸುಮ್ಮನಿರಲಾರದು. ಮೇಲಿನಿಂದ ನೋಡಿದ ಪಟ್ಟಣದ ನಕ್ಷೆಯಂತಿರುತ್ತದೆ ಅದು. ದಾವಣಗೆರೆ ಮೂಲದ, ಬೆಂಗಳೂರಿನ ಕಲಾವಿದರಾದ ವಿಶ್ವನಾಥ ಮಲ್ಲಾಬಾದಿಯವರು ಇಂಥ ಹಲಗೆ, ಗುಂಡಿ, ತಂತಿಗಳಿಂದಲೇ ಓಲೆ ಪದಕಗಳನ್ನೂ ಮೂರ್ತಿಗಳನ್ನೂ ಮಾಡಿ ಹೆಸರಾಗಿದ್ದಾರೆ. ರೆಸಿಸ್ಟರ್ ಎಂಬ ಸಣ್ಣ ಕೊಳವೆಗಳ ಮೇಲೆ ಬಣ್ಣಬಣ್ಣದ ಪಟ್ಟೆಗಳಿರುತ್ತವೆ. ಎಂಜಿನಿಯರಿಗೆ ಅವು ಅಂಕಿಗಳು, ಒಡವೆ ಮಾಡುವವರಿಗೆ ಸಿದ್ಧವಾದ ಮಣಿಗಳು. ತಾಮ್ರದ ತಂತಿಯೂ ಒಳ್ಳೆಯ ಪದಾರ್ಥ. ಬಾಗಿಸುತ್ತ ಬಾಗಿಸುತ್ತ ಅದು ಬಿರುಸಾದರೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಬೇಕು. ಉಕ್ಕಾದರೆ ಇದರಿಂದ ಗಡುಸಾಗುತ್ತಿತ್ತು, ತಾಮ್ರ ಮೆತ್ತಗಾಗುತ್ತದೆ. ಇದು ನಮ್ಮ ಕಂಚುಗಾರರಿಗೆ ಬಹುಕಾಲದಿಂದ ತಿಳಿದ ಗುಟ್ಟು.

ಈ ಹಲಗೆಗಳಲ್ಲಿ ನಿಜವಾದ ಚಿನ್ನವೂ ಇದೆ. ಕೋಲಾರದ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಿದರು. ಕೊನೆಯ ವರ್ಷಗಳಲ್ಲಿ ಒಂದು ಟನ್ ಅದಿರಿಗೆ ಸುಮಾರು ಮೂರು ಗ್ರಾಂ ಚಿನ್ನ ಸಿಕ್ಕುತ್ತಿತ್ತು. ಒಂದು ಟನ್ ಸರ್ಕ್ಯೂಟ್ ಹಲಗೆಗಳಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಚಿನ್ನವಿರುತ್ತದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ ಪಂದ್ಯಗಳಿಗೆ ಜಪಾನೀಯರು ಸುಮಾರು 79 ಸಾವಿರ ಟನ್ ಹಳೆಯ ಸಾಮಾನನ್ನೂ ಅದರೊಡನೆ ಸುಮಾರು 62 ಲಕ್ಷ ಕೈದೂರವಾಣಿಗಳನ್ನೂ ಕೂಡಿಸಿ, 32 ಕಿಲೋಗ್ರಾಂ ಚಿನ್ನವನ್ನೂ 3,500 ಕಿಲೋಗ್ರಾಂ ಬೆಳ್ಳಿಯನ್ನೂ ತೆಗೆದು, ಸುಮಾರು 5,000 ಪದಕಗಳನ್ನು ಮಾಡಿಸಿದರು. ಚಿನ್ನದ ಪದಕವೆಂಬುದು ಬೆಳ್ಳಿಗೆ ಆರು ಗ್ರಾಂನಷ್ಟು ಚಿನ್ನದ ಲೇಪ ಮಾತ್ರವೆಂಬುದನ್ನು ಗೆದ್ದವರಿಗೆ ಯಾರು ಹೇಳುತ್ತಾರೆ!

ಆದರೆ ಈ ಚಿನ್ನವನ್ನು ತೆಗೆಯುವ ರೀತಿ ಎರಡು. ದೊಡ್ಡ ಕಾರ್ಖಾನೆಗಳಲ್ಲಿ ಹೊಗೆಯನ್ನು ಹಿಡಿದು ಸೋಸಿ ತೆಗೆಯುವುದು ಒಂದು. ನಮ್ಮ ಕಡೆ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ 2005ರಿಂದ ಸರ್ಕಾರದ ಅನುಮತಿಯೊಡನೆ ಇಂಥ ಸಾಮಾನನ್ನು ಬಿಚ್ಚುವ ಕೆಲಸ ಹಿಡಿಯಿತು. ಇನ್ನೊಂದು ರೀತಿ ಕತ್ತಲೆಯ ಕೋಣೆಗಳದು. ಅಲ್ಲಿ ಹಲಗೆಯನ್ನು ಬೆಂಕಿಯ ಮೇಲೆ ಹಿಡಿದು ಬೆಸುಗೆಯನ್ನು ಕರಗಿಸುತ್ತಾರೆ, ಬರಿಗೈಯಿಂದ ಆಮ್ಲದಲ್ಲಿ ಅದ್ದುತ್ತಾರೆ. ತಾಮ್ರದ ಆಸೆಗೆ ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಸುಡುತ್ತಾರೆ. ಬೆಸುಗೆಯಲ್ಲಿ ಸೀಸ, ಹೊಗೆಯಲ್ಲಿ ಡಯಾಕ್ಸಿನ್. ನಗರ್ತಪೇಟೆಯ ಪಾದರಸದ ಕಥೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಒಡವೆ ಮಾಡುವವರೂ ಇದರಿಂದ ಹೊರತಲ್ಲ. ಹಲಗೆಯನ್ನು ಗರಗಸದಿಂದ ಕೊಯ್ದಾಗ ಏಳುವ ಧೂಳು ಗಾಜಿನ ನಾರು. ಅದನ್ನು ಉಸಿರಾಡಬಾರದು, ಮೂಗಿಗೆ ಮುಸುಕಿಲ್ಲದೆ ಕೊಯ್ಯಲೂ ಬಾರದು. ಹಳೆಯ ಹಲಗೆಯ ಬೆನ್ನನ್ನು ರಾಳದಿಂದ ಮುಚ್ಚದೆ ಮೈಗೆ ತಗಲಿಸುವುದು ಸರಿಯಲ್ಲ. ಮಕ್ಕಳಿಗಂತೂ ಈ ಕೆಲಸವೇ ಬೇಡ. ಅವರಿಗೆ ಕಾಗದದ ಮಣಿ ಇದೆ.

ಇನ್ನು ಆರಿಸುವ ಕೈಗಳ ಮಾತು. ಹಲವು ವರ್ಷ ಬೆಂಗಳೂರಿನ ಕಸವೆಲ್ಲ ಒಟ್ಟಾಗಿ, ಬೆರೆತು, ಕೃಷ್ಣರಾಜಪುರದಿಂದಾಚೆಗಿರುವ ಮಂಡೂರಿಗೆ ಲಾರಿಗಳಲ್ಲಿ ಹೋಗುತ್ತಿತ್ತು. ಗ್ರಾಮಸ್ಥರು ದುರ್ನಾತವನ್ನೂ ಕೆಟ್ಟ ನೀರನ್ನೂ ಸಹಿಸಲಾರದೆ ರಸ್ತೆಗೆ ಅಡ್ಡ ನಿಂತರು. 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಅಷ್ಟರೊಳಗೆ, 2012ರಲ್ಲಿ, ಮನೆಯಲ್ಲಿಯೇ ಕಸವನ್ನು ಬೇರ್ಪಡಿಸಬೇಕೆಂಬ ನಿಯಮ ಬಂದಿತು. ಬೆರೆತ ಕಸದಿಂದ ಯಾವ ಕಲೆಯೂ ಹುಟ್ಟುವುದಿಲ್ಲ. ಅನ್ನ ಸಾರು ಮೆತ್ತಿದ ಕಾಗದದಿಂದ ಮಣಿಯಾಗದು. ಬೇರ್ಪಡಿಸುವುದೇ ಈ ವಿದ್ಯೆಯ ಮೊದಲ ಅಕ್ಷರ. ಅದನ್ನು ನಿಯಮ ಬರುವುದಕ್ಕೆ ಬಹುಕಾಲ ಮುಂಚಿನಿಂದಲೂ ಹೆಗಲಿಗೆ ಗೋಣಿ ಹಾಕಿಕೊಂಡು ಬೀದಿಬೀದಿ ಅಲೆಯುವವರು ಬರೆಯುತ್ತಿದ್ದರು. ಹಾಲಿನ ಚೀಲ ಯಾವುದು, ತಿಂಡಿಯ ಹೊಳಪುಚೀಲ ಯಾವುದು, ಯಾವ ಪ್ಲಾಸ್ಟಿಕ್ಕಿಗೆ ಬೆಲೆಯುಂಟು, ಯಾವುದಕ್ಕಿಲ್ಲ ಎಂಬುದನ್ನು ಅವರು ಬೆರಳಿನಿಂದ ಹಿಸುಕಿ, ಶಬ್ದ ಕೇಳಿಯೇ ಹೇಳಬಲ್ಲರು. ಇದು ರತ್ನಪರೀಕ್ಷೆಗಿಂತ ಕಡಮೆಯ ಜ್ಞಾನವೆಂದು ನನಗೆ ತೋರುವುದಿಲ್ಲ. 2011ರಲ್ಲಿ ನಗರಪಾಲಿಕೆ ಇವರಿಗೆ ಗುರುತಿನ ಚೀಟಿಗಳನ್ನು ಕೊಡಲು ತೊಡಗಿತು. ಹಸಿರು ದಳವೆಂಬ ಸಂಸ್ಥೆ ಇವರ ಪಕ್ಷದಲ್ಲಿ ನಿಂತು ಕೆಲಸ ಮಾಡುತ್ತ ಬಂದಿದೆ. ವಾರ್ಡುಗಳ ಒಣಕಸದ ಕೇಂದ್ರಗಳಲ್ಲಿ ಕೆಲವನ್ನು ಇಂಥವರೇ ನಡೆಸಿದರು. ದಂಡಿನ ಅಂಗಡಿಗಳಲ್ಲಿ 'ಮರುಬಳಕೆಯ ಒಡವೆ' ಎಂದು ಸಾವಿರಾರು ರೂಪಾಯಿಗೆ ಮಾರುವ ಪದಕದ ಬೆಲೆಯಲ್ಲಿ ಈ ಕೈಗೆ ಎಷ್ಟು ಸಂದಿತು ಎಂದು ಕೊಳ್ಳುವವರು ಒಂದು ಸಲ ಕೇಳಬಹುದು. ವಜ್ರದ ಅಂಗಡಿಯಲ್ಲಿ ಕಲ್ಲು ಎಲ್ಲಿಯದು ಎಂದು ಕೇಳಲು ನಾವು ನಾಚುವುದಿಲ್ಲವಷ್ಟೆ.

ಕಡೆಗೆ, ಇಂಥ ಭಾಷಣದ ಮಾತೆತ್ತಿದಾಗ ಪರಿಚಿತರು ತಪ್ಪದೆ ಕೇಳುವ ಒಂದು ಪ್ರಶ್ನೆ: ಮನೆಯ ಮೇಜಿನ ಅರೆಯಲ್ಲಿ ಕೆಟ್ಟ ಕೈದೂರವಾಣಿಗಳು ಮೂರು ನಾಲ್ಕು ಕುಳಿತಿವೆ, ಅವುಗಳಿಂದ ಏನಾದರೂ ಮಾಡಬಹುದೆ? ಬಿಚ್ಚುವ ಸಾಹಸ ಬೇಡ. ಅದರ ಬ್ಯಾಟರಿಗೆ ಮೊನೆ ತಗಲಿದರೆ ಲಿಥಿಯಂ ಹೊತ್ತಿಕೊಂಡು ಉರಿಯುತ್ತದೆ. ಉಬ್ಬಿರುವ ಬ್ಯಾಟರಿಯಂತೂ ಇನ್ನೂ ಅಪಾಯ. ಒಳಗಿನ ಲೆಕ್ಕಪತ್ರ ಚಿತ್ರಗಳನ್ನು ಅಳಿಸಿ, ಒಣಕಸದ ಚೀಲಕ್ಕೆ ಹಾಕದೆ ಬೇರೆಯಾಗಿ ಇಟ್ಟು, ಅನುಮತಿ ಪಡೆದ ಸಂಗ್ರಾಹಕರ ಕೈಗೇ ಕೊಡಿ. ದೂರವಾಣಿಯೊಡನೆ ಬಂದ ಕಿವಿಯ ತಂತಿಯನ್ನು ಮಾತ್ರ ಉಳಿಸಿಕೊಳ್ಳಬಹುದು. ಅದರ ಹೊದಿಕೆಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ತೆಗೆದರೆ ಒಳಗೆ ಕೂದಲಿನಷ್ಟು ತೆಳುವಾದ ತಾಮ್ರದ ಎಳೆಗಳು ಸಿಕ್ಕುತ್ತವೆ. ಕೆಲವು ಕೆಂಪು, ಕೆಲವು ಹಸುರು, ಬಣ್ಣದ ಅರಗಿನ ಹೊಳಪಿನೊಡನೆಯೇ. ಮೂರೆಳೆ ಸೇರಿಸಿ ಹೆಣೆದರೆ ಕಾಗದದ ಮಣಿಗಳನ್ನು ಪೋಣಿಸಲು ತಕ್ಕಷ್ಟು ಗಟ್ಟಿಯಾಗುತ್ತದೆ.